ಕಲಂ ಮೂರು, ಕಲಂ ಏಳು ಮತ್ತು ನನ್ನ ಹೆರಳು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೆ ಕಷ್ಟ ಬಂತು. ಅಪ್ಪನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ನನ್ನ ತಲೆಯಲ್ಲಿ ಕೂದಲು ನಿಲ್ಲುತ್ತಿರಲಿಲ್ಲ. ಅಪ್ಪನ ಕಷ್ಟ ಸರಕಾರದಿಂದ ಬಂದದ್ದು, ನನ್ನದು ಜ್ವರದಿಂದ. ಎರಡಕ್ಕೂ ಪರಿಹಾರ ಹುಡುಕುವ ಭಾರವನ್ನು ಅಪ್ಪ ತಾನೊಬ್ಬನೇ ಹೊತ್ತುಕೊಂಡದ್ದರಿಂದ ಕೊನೆಗೆ ಎರಡೂ ಒಂದೇ ಕಾಗದದ ಮೇಲೆ ಬಂದು ಕೂತವು.

ನನಗೆ ಆಗ ಹದಿನೇಳು. ಬೀದರಿನ ಅಂಚಿಗಿರುವ ಚಿದ್ರಿಯಲ್ಲಿ ಮನೆ. ಅಪ್ಪ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಸಾಲೆ ಕಲಿತವನು. ಅವನ ಉರ್ದು ಅಕ್ಷರ ನೋಡಲಿಕ್ಕೆಂದೇ ಬೇರೆ ಕಚೇರಿಯವರು ಬರುತ್ತಿದ್ದರು. ಮನೆಯಲ್ಲಿ ಕನ್ನಡ ಆಡುವುದು, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಬರೆಯುವುದು, ಇದರಲ್ಲಿ ವಿಚಿತ್ರವೇನಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ನವೆಂಬರ್ ಬಂತು. ಹಾರ, ಭಾಷಣ, ಪೇಢೆ ಎಲ್ಲ ಆಯಿತು. ಆಮೇಲಿನ ವಾರದಿಂದ ಕಚೇರಿಯಲ್ಲಿ ಗುಸುಗುಸು ಶುರುವಾಯಿತು: ಇನ್ನು ಮುಂದೆ ಎಲ್ಲ ಬರಹ ಕನ್ನಡದಲ್ಲಂತೆ, ಬಾರದವರಿಗೆ ಬಡ್ತಿ ಇಲ್ಲವಂತೆ. ಅಂಥ ಹುಕುಂ ಇದ್ದ ಕಾಗದವನ್ನು ಯಾರೂ ಕಂಡಿರಲಿಲ್ಲ. ಆದರೆ ಅಪ್ಪ ಆ ಕಾಣದ ಹುಕುಮಿಗೆ ಹೆದರಿದಷ್ಟು ಕಂಡ ಯಾವ ಹುಕುಮಿಗೂ ಹೆದರಿರಲಿಲ್ಲ. ಸಂಜೆ ಮನೆಗೆ ಬಂದವನೇ ನನ್ನ ತಮ್ಮನ ಪಾಟಿ ಕಸಿದುಕೊಂಡು ಒತ್ತಕ್ಷರ ತಿದ್ದುತ್ತ ಕೂರುತ್ತಿದ್ದ.

ನನ್ನ ವಿಷಯಕ್ಕೆ ಬರುತ್ತೇನೆ. ಶ್ರಾವಣದಲ್ಲಿ ನನಗೆ ವಿಷಮಜ್ವರ ಬಂದಿತ್ತು. ಜ್ವರ ಮೂರು ವಾರಕ್ಕೆ ಬಿಟ್ಟಿತು. ಅವ್ವ ಮಾತ್ರ ಗಂಜಿ ಬಿಡಲಿಲ್ಲ. ತಿರುಗಿ ಬಂದೀತು ಎಂಬ ಅಂಜಿಕೆಯಲ್ಲಿ ರೊಟ್ಟಿ, ಬೇಳೆ, ಪಲ್ಯ, ಹಿಂಡಿ ಅಂದರೆ ಚಟ್ನಿಪುಡಿ, ಎಲ್ಲ ಬಂದ್ ಮಾಡಿ ಎರಡೂವರೆ ತಿಂಗಳು ಬರೀ ಗಂಜಿಯ ಮೇಲೆ ಇಟ್ಟಳು. ದೀಪಾವಳಿಯ ಹೊತ್ತಿಗೆ ಹಣಿಗೆ ಹಾಕಿದರೆ ಕೂದಲು ಹಿಡಿ ಹಿಡಿಯಾಗಿ ಬರತೊಡಗಿತು. ದಿಂಬಿನ ಮೇಲೆ, ರೊಟ್ಟಿಯ ಹಿಟ್ಟಿನಲ್ಲಿ, ಅಪ್ಪನ ಶಾಯಿ ದೌತಿಯಲ್ಲಿ, ಎಲ್ಲೆಲ್ಲೂ ನನ್ನ ಕೂದಲೇ.

ಉದುರಿದರೆ ಉದುರಲಿ ಎನ್ನುವ ಹಾಗೂ ಇರಲಿಲ್ಲ. ಔರಾದಿನಲ್ಲಿದ್ದ ನನ್ನ ಮೌಶಿ, ಅಂದರೆ ಅವ್ವನ ತಂಗಿ, ಭಾಲ್ಕಿಯ ಒಂದು ಬಟ್ಟೆ ಅಂಗಡಿಯವರ ಮನೆಗೆ ನನ್ನ ಸಂಬಂಧದ ಮಾತು ಎತ್ತಿದ್ದಳು. ನಾನು ಅಡುಗೆಯಲ್ಲಿ ಸಾಧಾರಣ, ಬಣ್ಣದಲ್ಲಿ ಅದಕ್ಕಿಂತ ಸಾಧಾರಣ. ಹೇಳಿಕೊಳ್ಳಲು ಇದ್ದದ್ದು ಸೊಂಟ ದಾಟಿದ ಹೆರಳು ಒಂದೇ. ಮೌಶಿ ಅದನ್ನು ಹೇಳಿ ಹೇಳಿ ಮೊಣಕಾಲಿಗೆ ಮುಟ್ಟಿಸಿದ್ದಳು. ಹುಡುಗನ ತಾಯಿ, "ಹೆರಳ ನೋಡೇ ಮಾತಾಡ್ತೇವ್ರಿ" ಎಂದು ಹೇಳಿ ಕಳಿಸಿದ್ದರು. ಮಾಘದಲ್ಲಿ ಬರುವವರಿದ್ದರು. ಹೆರಳು ಆಗಲೇ ಇಲಿಬಾಲದಷ್ಟಾಗಿತ್ತು.

ಅಪ್ಪ ಇದನ್ನು ಒಂದು ಮಿಸಲ್ ಎಂದೇ ಹಿಡಿದ. ಮಿಸಲ್ ಅಂದರೆ ಕಚೇರಿಯ ಕಡತ. ಯಾವ ಸಂಕಟ ಬಂದರೂ ಅದಕ್ಕೆ ಒಂದು ಮಿಸಲ್ ತೆರೆದು ದಾರ ಕಟ್ಟಿದರೆ ಅರ್ಧ ಪರಿಹಾರವಾದಂತೆ ಎಂಬುದು ಅವನ ನಂಬಿಕೆ. ಬೀದರಿನ ಹಳೇ ಊರಿನ ಹಕೀಮರ ಹತ್ತಿರ ಕರೆದುಕೊಂಡು ಹೋದ. ಮೌಶಿಗೆ ಕಾಗದ ಬರೆದ. ಪಕ್ಕದ ಮನೆಯ ಮುದುಕಿಯನ್ನು ವಿಚಾರಿಸಿದ. ಎಲ್ಲರ ಮಾತನ್ನೂ ಸೇರಿಸಿ, ಕನ್ನಡ ರೂಢಿಯಾಗಲಿ ಎಂದು, ತನ್ನ ಬದುಕಿನ ಮೊದಲ ಕನ್ನಡ ಕರಡನ್ನು ಬರೆದ. ತಲೆಬರಹ: "ಕುಮಾರಿಯ ಶಿರದಲ್ಲಿ ಕೇಶಪತನ ತಡೆಯುವ ಬಗ್ಗೆ ದಿನಚರಿ."

ಕಲಂ ಒಂದರ ಪ್ರಕಾರ ಬೆಳಿಗ್ಗೆ ಎದ್ದ ಕೂಡಲೇ ಉದುರಿದ ಕೂದಲನ್ನು ಎಣಿಸಿ ಬರೆಯತಕ್ಕದ್ದು. ಕಲಂ ಎರಡು ಈರುಳ್ಳಿ ರಸಕ್ಕೆ ಸಂಬಂಧಿಸಿದ್ದು. ಕಲಂ ಮೂರು ಮೌಶಿಯದು: ಅವಳು ಔರಾದಿನಿಂದ ಕಳಿಸಿದ ಕಪ್ಪು ಎಣ್ಣೆ ಹಚ್ಚಿ ಐದು ದಿನ ತಲೆಗೆ ನೀರು ಮುಟ್ಟಿಸತಕ್ಕದ್ದಲ್ಲ. ಮುಂದಿನ ಕಲಮಿನಲ್ಲಿ, ಕೂದಲು ಬೀಳದಂತೆ ಹೆರಳನ್ನು ಬಲವಾಗಿ ಬಿಗಿದು ಕಟ್ಟತಕ್ಕದ್ದು. ದಿನಕ್ಕೆ ನೂರು ಸಲ ಹಣಿಗೆ ಎಳೆಯುವುದು, ರೀಠಾ ಎಂಬ ಅಂಟುವಾಳದ ಕಾಯಿಗೆ ಒಗೆಯುವ ಸೋಡಾ ಬೆರೆಸಿ ತಿಕ್ಕುವುದು, ಇವು ಪಕ್ಕದ ಮುದುಕಿಯ ಕಾಣಿಕೆ. ಕಲಂ ಏಳು ಹಕೀಮರದು: ದಿನಾ ಬೆಳಿಗ್ಗೆ ನೆಲ್ಲಿಕಾಯಿ ನೀರಿನಿಂದ ತಲೆ ತೊಳೆಯತಕ್ಕದ್ದು.

"ಅಪ್ಪಾ, ಒಂದ್ಕಡಿ ನೀರ ಮುಟ್ಟಸಬ್ಯಾಡ ಅಂತದ, ಇನ್ನೊಂದ್ಕಡಿ ದಿನಾ ತೊಳಿ ಅಂತದ. ಹ್ಯಾಂಗ ಮಾಡ್ಲಿ?" ಎಂದು ಕೇಳಿದೆ.

"ಕಲಂ ಅಂದ್ಮ್ಯಾಲ ಎಲ್ಲಾ ಪಾಲಸಬೇಕು," ಎಂದ ಅಪ್ಪ.

ದಾರಿ ತೋರಿಸಿದವಳು ಅವ್ವ. ತಂಗಿಯ ಮನಸ್ಸೂ ನೋಯಬಾರದು, ಹಕೀಮರ ಮರ್ಯಾದೆಯೂ ಹೋಗಬಾರದು. ನಟ್ಟನಡುವೆ ಬೈತಲೆ ತೆಗೆದು ನನ್ನ ತಲೆಯ ಎಡಭಾಗವನ್ನು ಹಕೀಮರಿಗೆ, ಬಲಭಾಗವನ್ನು ಔರಾದಿನ ಮೌಶಿಗೆ ಕೊಟ್ಟಳು. ಭಾಷೆ ನೋಡಿ ಸೀಮೆ ಹಂಚಿದ ವರ್ಷವದು; ನನ್ನ ತಲೆಯೂ ಹಂಚಿಹೋಯಿತು. ಗಡಿ ತಂಟೆ ಇಲ್ಲಿಯೂ ತಪ್ಪಲಿಲ್ಲ. ಎಡದ ನೀರು ಬಲಕ್ಕೆ ಹರಿಯುತ್ತಿತ್ತು, ಬಲದ ಎಣ್ಣೆ ಎಡಕ್ಕೆ ಇಳಿಯುತ್ತಿತ್ತು. ಒದ್ದೆ ಇರುವಾಗಲೇ ನೂರು ಸಲ ಎಳೆದು, ಹಣೆಯ ಚರ್ಮ ಹಿಂದಕ್ಕೆ ಜಗ್ಗುವಷ್ಟು ಬಿಗಿಯಾಗಿ ಹೆರಳು ಹಾಕಿದರೆ ಹುಬ್ಬು ಮೇಲೇರಿ ನಾನು ಇಡೀ ದಿನ ಯಾರನ್ನೋ ನೋಡಿ ಚಕಿತಳಾದ ಹಾಗೆ ಕಾಣುತ್ತಿದ್ದೆ. ಮೊದಲು ಬೇರು ಸಮೇತ ಉದುರುತ್ತಿದ್ದ ಕೂದಲು ಈಗ ನಡುವಿನಲ್ಲಿಯೂ ತುಂಡಾಗತೊಡಗಿತು. ಎಣಿಸುವ ಕೆಲಸ ಕಠಿಣವಾಯಿತು. ತುಂಡನ್ನು ಒಂದು ಎಂದು ಬರೆಯಬೇಕೋ ಅರ್ಧ ಎಂದೋ? ಅಪ್ಪ ಎರಡು ದಿನ ಯೋಚಿಸಿ ಅದಕ್ಕೊಂದು ಉಪಕಲಂ ಸೇರಿಸಿದ.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪ ಅವಸರದಲ್ಲಿ ಆ ಕರಡನ್ನು ಬಾವಿ ದುರಸ್ತಿಯ ಮಿಸಲಿನೊಳಗೆ ಕಟ್ಟಿಕೊಂಡು ಕಚೇರಿಗೆ ಒಯ್ದ. ಮಿಸಲ್ ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಕೆಂಪು ಶಾಯಿಯ ಪೆನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗುವವರು. ಅಪ್ಪನಿಗೆ ವಿಷಯ ತಿಳಿದದ್ದು ಸಂಜೆ, ಮಿಸಲ್ ಮೇಜಿನಿಂದ ಇಳಿದ ಮೇಲೆ. ಮನೆಗೆ ಬಂದು ಟೋಪಿ ಸಹ ತೆಗೆಯದೆ ಗೋಡೆಗೆ ಒರಗಿ ಕೂತ. ನಾನು ಕಾಗದ ತೆಗೆದುಕೊಂಡು ಓದಿದೆ. ಕಾಗುಣಿತವೆಲ್ಲ ಕೆಂಪಾಗಿ ತಿದ್ದಿತ್ತು. ಅಂಚಿನಲ್ಲಿ ಹೀಗೆ ಬರೆದಿದ್ದರು: "ಕೇಶಪತನ ಅಲ್ಲ, ಕೂದಲು ಉದುರುವುದು ಎಂದರೆ ಸಾಕು. ಕಲಂ ಮೂರು ಮತ್ತು ಏಳು ಪರಸ್ಪರ ವಿರುದ್ಧ. ಪುನಃ ಪರಿಶೀಲಿಸಿ ಮಂಡಿಸುವುದು." ಕೆಳಗೆ ಸಹಿ.

"ನೌಕರಿ ಹೋಯ್ತು," ಎಂದ ಅಪ್ಪ.

ನೌಕರಿ ಹೋಗಲಿಲ್ಲ. ಅದರ ಬದಲು ಮೂರನೆಯ ದಿನ ಸಾಹೇಬರ ಹೆಂಡತಿ ನಮ್ಮ ಮನೆಗೆ ಬಂದರು. ಗಂಡ ಆ ಕಾಗದದ ಕಥೆಯನ್ನು ಊಟದ ಹೊತ್ತಿಗೆ ಹೇಳಿ ನಕ್ಕಿರಬೇಕು. ನಾವು ಅವರನ್ನು ಮೈಸೂರು ಬಾಯಿ ಎಂದು ಕರೆಯುತ್ತಿದ್ದೆವು. ದುಂಡು ಮುಖ, ಮೆಲ್ಲನೆಯ ಮಾತು. ಮೊಣಕಾಲ ತನಕ ಇಳಿಬಿದ್ದ, ಎಣ್ಣೆಯಲ್ಲಿ ಮಿಂಚುವ ದಪ್ಪ ಜಡೆ. ಅವ್ವ ಆ ಜಡೆಯನ್ನೇ ನೋಡುತ್ತ ಚಹಾದಲ್ಲಿ ಸಕ್ಕರೆ ಹಾಕುವುದನ್ನು ಮರೆತಳು.

"ತುಂಬಾ ಉದುರತ್ತಾ ಮಗು? ಯೋಚನೆ ಮಾಡ್ಬೇಡಿ. ನಮ್ಮೂರಿಂದ ಚಿಗರೆ ಪುಡಿ ತರಿಸಿದೀನಿ. ಸೀಗೆ ಜೊತೆ ಕಲಸಿ ಹಚ್ಚಿದ್ರೆ ಸಾಕು," ಎಂದರು ಬಾಯಿ.

ಅವ್ವನ ಮುಖ ಬಿಳಿಚಿತು. ನಮ್ಮ ಕಡೆ ಚಿಗರಿ ಎಂದರೆ ಹೊಲದಲ್ಲಿ ಜಿಗಿಯುವ ಜಿಂಕೆ. "ಚಿಗರೀನ ಪುಡಿ ಮಾಡ್ತಾರೇನ್ರಿ? ಶಿವಶಿವಾ! ನಾವು ಲಿಂಗ ಕಟ್ಟಿದ ಮಂದಿ ಅದೀವ್ರಿ ಬಾಯಾರ, ನಮಗ ಅದೆಲ್ಲಾ ನಡ್ಯಂಗಿಲ್ರಿ."

ಅದು ಒಂದು ಮರದ ಎಲೆ ಎಂದು ಬಾಯಿ ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿತ್ತು. ಅಪ್ಪ ಮಾತ್ರ ಬಾಗಿಲ ಹತ್ತಿರ ನಿಂತು, "ಮೈಸೂರಿಂದು ಅಂದ್ಮ್ಯಾಲ ಚಲೋನೇ ಇರ್ತದ," ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಚಿಗರೆ ಪುಡಿ ಕಲಂ ಎಂಟಾಯಿತು. ಜೊತೆಗೆ ಹಿಂದಿನ ಏಳನ್ನೂ ಅಪ್ಪ ಕೈಬಿಡಲಿಲ್ಲ. ಬರೆದು ಸಾಹೇಬರ ಸಹಿಯಾದ ಕಲಮನ್ನು ತೆಗೆಯುವ ಅಧಿಕಾರ ತನಗಿಲ್ಲ ಎಂದ.

ಮುಂದಿನ ಶುಕ್ರವಾರ ಬಾಯಿ ನನ್ನನ್ನು ನೌಬಾದದ ತಮ್ಮ ಮನೆಗೆ ಕರೆಸಿಕೊಂಡರು. ತಾವೇ ಎಣ್ಣೆ ಸ್ನಾನ ಮಾಡಿಸಿ ಪದ್ಧತಿ ತೋರಿಸಿಕೊಡುತ್ತೇನೆ ಎಂದಿದ್ದರು. ಬಚ್ಚಲಮನೆಯಲ್ಲಿ ಹಂಡೆಯ ಬಿಸಿನೀರು, ಹೊಗೆ. ಅವರು ನನ್ನ ತಲೆಗೆ ಪುಡಿ ತಿಕ್ಕಲು ಬಗ್ಗಿದಾಗ ಜಡೆ ಮುಂದೆ ಜಾರಿ ಬಕೆಟ್ಟಿನಲ್ಲಿ ಬಿತ್ತು. ಬಿದ್ದದ್ದು ಪೂರ್ತಿಯಾಗಿಯೇ ಬಿತ್ತು. ನಾನು ಕಣ್ಣುಜ್ಜಿಕೊಂಡು ನೋಡಿದೆ. ಜಡೆ ಬಕೆಟ್ಟಿನಲ್ಲಿ ತೇಲುತ್ತಿತ್ತು. ಬಾಯಿಯವರ ತಲೆಯ ಹಿಂದೆ ನನ್ನದಕ್ಕಿಂತ ತೆಳುವಾದ ಒಂದು ಗಂಟು ಉಳಿದಿತ್ತು.

ಬಾಯಿ ಜಡೆಯನ್ನು ಎತ್ತಿ ನೀರು ಹಿಂಡಿದರು.

"ಚೌರಿ," ಎಂದರು ಕೊನೆಗೆ, ತುಟಿ ಕಚ್ಚಿ ನಗು ತಡೆಯುತ್ತ. "ಎರಡನೇ ಹೆರಿಗೆ ಆದ್ಮೇಲೆ ಎಲ್ಲಾ ಹೋಯ್ತು ಕಣೇ. ಆಮೇಲೆ ಇಲ್ಲಿಗೆ ಬಂದ್ವಾ, ಈ ಬಾವಿ ನೀರಲ್ಲಿ ಸೀಗೆ ನೊರೆನೇ ಬರಲ್ಲ. ತಲೆ ಮೇಲೆ ಸುಣ್ಣ ಕೂತ ಹಾಗಾಗತ್ತೆ. ಯಜಮಾನ್ರಿಗೂ ಹೇಳಿಲ್ಲ."

"ಸಾಹೇಬರಿಗೆ ಗೊತ್ತಿಲ್ರೀ?"

"ಅವರು ಕಾಗದ ಬಿಟ್ಟು ಏನನ್ನ ನೋಡ್ತಾರೆ?"

ನಾನು ನಕ್ಕೆ. ಅವರೂ ನಕ್ಕರು. ಜ್ವರ ಬಂದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು. ಇಬ್ಬರೂ ಸೇರಿ ಚೌರಿಯನ್ನು ಒಣಹಾಕಿದೆವು. ಹೊರಡುವಾಗ ಬಾಯಿ ನನ್ನ ಕೈ ಹಿಡಿದು, "ಹೆಣ್ಣು ನೋಡೋಕೆ ಬಂದಾಗ ಬೇಕಿದ್ರೆ ಇದನ್ನ ಒಯ್ಯಿ. ನಾನು ಎರಡು ದಿನ ತಲೆನೋವು ಅಂತ ಮಲಗಿರ್ತೀನಿ," ಎಂದರು. ಮೈಸೂರಿನಿಂದ ಬಂದ ಆಡಳಿತದಲ್ಲಿ ನನಗೆ ಸಿಕ್ಕ ಮೊದಲ ಸವಲತ್ತು ಅದು.

ಸಂಕ್ರಾಂತಿ ಆದ ಮೇಲೆ ನನ್ನನ್ನು ಹಲಬರ್ಗಾಕ್ಕೆ, ಅಪ್ಪನ ತಾಯಿ, ನಮ್ಮ ಆಯಿಯ ಹತ್ತಿರ, ರೈಲಿನಲ್ಲಿ ಕಳಿಸಿದರು. ಭಾಲ್ಕಿಯವರಿಗೆ ಅಲ್ಲಿಗೆ ಬರುವುದು ಹತ್ತಿರ. ಆಯಿ ನನ್ನ ತಲೆ ನೋಡಿದಳು, ಅಪ್ಪ ಕೊಟ್ಟ ಕಾಗದ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ಮಡಚಿ ಅಲುಗಾಡುವ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಳು. ಡಬ್ಬಿ ಸರಿಯಾಗಿ ಕೂತಿತು.

ಆಯಿಯ ಮನೆಯ ಹಿಂದಿನ ಹೊಲದಲ್ಲಿ ಆಗ ಒಂದು ಕುರಿ ಹಿಂಡು ಬಿಟ್ಟಿದ್ದರು, ಗೊಬ್ಬರಕ್ಕೆಂದು. ಕುರಿ ಕಾಯುವ ಹೆಂಗಸು ಆಯಿಗೆ ಹಳೇ ಗೆಳತಿ. ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕೂರುತ್ತಿದ್ದಳು. ಒಂದು ದಿನ ನಾನು ತಲೆ ತೊಳೆದು ಒದ್ದೆ ಕೂದಲಿಗೆ ಹಣಿಗೆ ಹಾಕಿ ಎಳೆಯುವುದನ್ನು ಕಂಡು ತನ್ನ ಕೆಲಸ ನಿಲ್ಲಿಸಿದಳು.

"ಏ ತಂಗಿ, ಏನ್ ಮಾಡ್ಲತ್ತೀ? ಹಸೀದು ಎಳದ್ರ ಉಣ್ಣಿನೇ ಹರೀತದ, ನಿನ್ನ ಕೂದಲ ಉಳೀತಾವೇನು?"

ನಾನು ಕಲಂ ಐದರ ವಿಷಯ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಜ್ವರದ ವಿಷಯ ಹೇಳಿದೆ; ಅದು ಕೂಡಲೇ ಅರ್ಥವಾಯಿತು.

"ಹಂಗಂದ್ರ ಬೀಳ್ತಾವ. ಕುರಿಗಿ ಜ್ವರ ಬಂದ್ರೂ ಹಂಗೇ. ಬಂದಾಗ ಏನೂ ಆಗಂಗಿಲ್ಲ. ಎರಡು ಮೂರು ತಿಂಗಳಾದ ಮ್ಯಾಲ ಮೈಮ್ಯಾಲಿನ ಉಣ್ಣಿ ತಾನೇ ಬಿಡ್ತದ. ಕೈ ಹಚ್ಚಿದ್ರ ಕೈಯಾಗೇ ಬರ್ತದ. ಮತ್ತ ಹೊಸಾದು ಬರ್ತದ."

"ಏನ್ ಹಚ್ತೀರಿ ಅದಕ?"

"ಕುರಿಗಿ ಏನ್ ಹಚ್ತಾರವ್ವಾ? ಹೊಟ್ಟಿತುಂಬ ಮೇಯಸ್ತೀವಿ. ತಂಟಿ ಮಾಡದೇ ಬಿಡ್ತೀವಿ." ಆಮೇಲೆ ನನ್ನ ಹತ್ತಿರ ಬಂದು ಬೈತಲೆಯಲ್ಲಿ ಬೆರಳಾಡಿಸಿದಳು. "ನೋಡು, ಹೊಸಾವು ಹುಟ್ಯಾವ. ಇವನ್ನೂ ಎಳದು ಕೀಳಬ್ಯಾಡ. ಇಷ್ಟ ಬಿಗಿ ಯಾಕ ಕಟ್ತೀ, ಓಡಿ ಹೋಗ್ತಾವೇನು?"

ಹಕೀಮರು, ಮೌಶಿ, ಪಕ್ಕದ ಮುದುಕಿ, ಮೈಸೂರು, ಇಷ್ಟು ಕಡೆ ತಿರುಗಿದ ನನ್ನ ಮಿಸಲ್ ಕೊನೆಗೆ ಕುರಿ ಹಿಂಡಿನ ಹತ್ತಿರ ತೀರ್ಮಾನವಾಯಿತು. ಅಂದಿನಿಂದ ನನ್ನ ದಿನಚರಿ ಸಣ್ಣದಾಯಿತು. ಎಣಿಸುವುದು ಬಂದ್. ಸೋಡಾ ಬಂದ್, ಈರುಳ್ಳಿ ಪಲ್ಯಕ್ಕೆ ಹೋಯಿತು. ವಾರಕ್ಕೆರಡು ಸಲ ಸೀಗೆಯಿಂದ ತಲೆ ತೊಳೆದು, ಹಳೇ ಧೋತರದಲ್ಲಿ ತಿಕ್ಕದೆ ಒತ್ತಿ, ಒಣಗಿದ ಮೇಲೆ ಅಗಲ ಹಲ್ಲಿನ ಮರದ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ ಮೇಲಕ್ಕೆ ಹೋಗುವುದು. ಸಡಿಲ ಹೆರಳು. ಸ್ವಲ್ಪ ಕೊಬ್ಬರಿ ಎಣ್ಣೆ, ಅದೂ ತುದಿಗೆ. ಆಯಿ ಗಂಜಿಯ ಹೆಸರು ಎತ್ತಲು ಬಿಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಬೇಳೆ, ಎಳ್ಳಿನ ಹಿಂಡಿ, ಶೇಂಗಾ ತಿಂದು ತಿಂದು ನನ್ನ ಕೆನ್ನೆ ಮೊದಲು ತುಂಬಿತು. ಮೂರು ವಾರದಲ್ಲಿ ತುಂಡಾಗುವುದು ನಿಂತಿತು. ಉದುರುವುದು ಇಳಿಯುತ್ತ ಬಂತು. ಹೆರಳು ಮಾತ್ರ ತೆಳ್ಳಗೇ ಇತ್ತು. ಅದು ತಿಂಗಳಲ್ಲಿ ದಪ್ಪವಾಗುವ ವಸ್ತುವಲ್ಲ.

ಮಾಘದಲ್ಲಿ ಭಾಲ್ಕಿಯವರು ಬರುವ ದಿನ ಅಪ್ಪ, ಅವ್ವ, ಮೌಶಿ ಮೂವರೂ ಬಂದರು. ಅಪ್ಪನ ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ, ಅದರಲ್ಲಿ ಬಾಯಿಯವರ ಚೌರಿ. ಬಾಯಿಗೆ ತಲೆನೋವಿನ ಪುಡಿ ಕೊಟ್ಟುಬರಲು ಸಾಹೇಬರ ಮನೆಗೆ ಹೋದಾಗ ಅದು ಅಪ್ಪನಿಗೆ ಸಿಕ್ಕಿತಂತೆ. ಹೇಗೆ ಎಂದು ನಾನು ಕೇಳಲಿಲ್ಲ. ಮೌಶಿ ಅದನ್ನು ನನ್ನ ತಲೆಗೆ ಸೇರಿಸಿ ಮೂರು ಕಡೆ ಬಿಗಿದಳು. ಹೊಸದಾಗಿ ಹುಟ್ಟಿದ ಕೂದಲು ಬೇರಿನಲ್ಲಿ ಚುರ್ ಎಂದಿತು. ಕನ್ನಡಿಯಲ್ಲಿ ಹುಬ್ಬು ಮತ್ತೆ ಮೇಲೇರಿದ್ದು ಕಂಡಿತು.

ಹೊರಗೆ ಅವರು ಬಂದು ಕೂತ ಸದ್ದಾಯಿತು. ಮೌಶಿ ಚಹಾದ ತಾಟು ತರಲು ಹೋದಳು. ನಾನು ಚೌರಿಯನ್ನು ಬಿಚ್ಚಿ ದಿಂಬಿನ ಕೆಳಗೆ ಇಟ್ಟು, ನನ್ನದೇ ಹೆರಳು ಹಾಕಿಕೊಂಡು ಹೊರಗೆ ಹೋದೆ. ದೊಡ್ಡ ಧೈರ್ಯ ಎಂದು ಹೇಳಲಾರೆ. ನೋಯುತ್ತಿತ್ತು, ಅಷ್ಟೇ.

ಹುಡುಗನ ತಾಯಿ ಸುತ್ತು ಬಳಸು ಮಾಡಲಿಲ್ಲ. ನನ್ನನ್ನು ತಿರುಗಿಸಿ ಹೆರಳು ಎತ್ತಿ ಹಿಡಿದರು.

"ಇಷ್ಟೇ ಏನ್ರಿ?"

ಮೌಶಿ ತಾಟು ಹಿಡಿದು ಅಲ್ಲೇ ನಿಂತಳು. "ಅದು... ಚೌರಿ ಹಚ್ಚಲಿಕ್ಕ ಮರತಾಳ್ರಿ," ಎಂದುಬಿಟ್ಟಳು. ಅಪ್ಪ ಕಣ್ಣು ಮುಚ್ಚಿಕೊಂಡ.

"ಮರತಿಲ್ರಿ," ಎಂದೆ ನಾನು. "ಜ್ವರ ಬಂದಿತ್ರಿ, ಅದಕ್ಕ ಉದರ್ಯಾವ. ಈಗ ಹೊಸಾವು ಬರ್ಲತ್ತಾವ, ನೋಡ್ರಿ." ತಲೆ ಬಗ್ಗಿಸಿ ಬೈತಲೆ ತೋರಿಸಿದೆ.

ಅವರು ನಿಜವಾಗಿಯೂ ಬಗ್ಗಿ ನೋಡಿದರು. ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಗಂಡಸರಿಗೆ ಬೆನ್ನು ಮಾಡಿ, ತಮ್ಮ ಸೆರಗನ್ನು ಎರಡು ಬೆರಳಷ್ಟು ಹಿಂದೆ ಸರಿಸಿ, ಹಣೆಯ ಮೇಲಿನ ಬೋಳು ಪಟ್ಟೆಯನ್ನು ತೋರಿಸಿ ಪಿಸುಗುಟ್ಟಿದರು: "ನಂದೂ ಹೋಗ್ಯಾವ. ಏನ್ ಹಚ್ಚಿದಿ ಹೇಳು."

ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೆ ನಿಂತು, ಅರ್ಧ ಗಂಟೆ ನಾನು ಅವರಿಗೆ ಹಣಿಗೆ, ಸಡಿಲ ಹೆರಳು, ಎಳ್ಳಿನ ಹಿಂಡಿ ಎಲ್ಲವನ್ನೂ ಹೇಳಿಕೊಟ್ಟೆ. ಅವರು ಆಯಿಯ ಮರದ ಹಣಿಗೆಯನ್ನೇ ಕೇಳಿ ತೆಗೆದುಕೊಂಡರು. ಹುಡುಗ ಚಹಾ ಕುಡಿದು, ಸುಮ್ಮನೆ ಗೋಡೆ ನೋಡುತ್ತಿದ್ದ. ಅವನ ಮುಖ ನನಗೆ ನೆನಪಿಲ್ಲ. ಬಹುಶಃ ಅವನಿಗೂ ನನ್ನದು ನೆನಪಿಲ್ಲ. ಅವನ ತಾಯಿ ನನ್ನ ನೆತ್ತಿಯನ್ನೇ ಅವನ ಕಡೆ ತಿರುಗಿಸಿ ಹಿಡಿದಿದ್ದರು.

ಹದಿನೈದು ದಿನಕ್ಕೆ ಕಾಗದ ಬಂತು. ಜಾತಕ ಕೂಡಿಬರಲಿಲ್ಲವಂತೆ. ಜಾತಕವನ್ನು ಅವರು ಕೇಳಿಯೂ ಇರಲಿಲ್ಲ, ನಾವು ಕೊಟ್ಟೂ ಇರಲಿಲ್ಲ. ಕಾಗದದ ಕೊನೆಯಲ್ಲಿ ಬೇರೆ ಅಕ್ಷರದಲ್ಲಿ ಒಂದು ಸಾಲು: ಎಳ್ಳನ್ನು ಹುರಿದು ಕುಟ್ಟುವುದೋ ಹಸಿಯದೋ, ತಿಳಿಸಬೇಕು. ಮೌಶಿ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಅವ್ವ ಎರಡು ದಿನ ಅತ್ತಳು. ನನಗೂ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು; ಬೇಡವಾದದ್ದು ಕೂದಲಿನಿಂದ ಎಂದು ತಿಳಿದಿದ್ದರೂ ಬೇಡವಾದವಳು ನಾನೇ ಅಲ್ಲವೇ. ಮೂರನೆಯ ದಿನ ಅಪ್ಪ ಆ ಕಾಗದವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ಓದಿದ. "ಇವರ ಕನ್ನಡ ನನ್ನ ಕನ್ನಡಕ್ಕಿಂತ ಖರಾಬ್ ಅದ," ಎಂದ. ಆ ಚಳಿಗಾಲದಲ್ಲಿ ಅವನ ಮುಖದಲ್ಲಿ ನಾನು ಕಂಡ ಮೊದಲ ನೆಮ್ಮದಿ ಅದು. ಹುರಿದು ಕುಟ್ಟಬೇಕು ಎಂದು ಉತ್ತರವನ್ನೂ ಅವನೇ ಬರೆದ.

ಮುಂದಿನ ಜೂನಿನಲ್ಲಿ ನಾನು ಮಾಸ್ತರಿಕೆಯ ತರಬೇತಿಗೆ ಸೇರಿದೆ. ಆ ಹೊತ್ತಿಗೆ ಹೊಸ ಕೂದಲು ಬೆರಳುದ್ದ ಬೆಳೆದು, ಮಲಗಲೊಲ್ಲದೆ, ತಲೆ ತುಂಬ ಮಳೆಗಾಲದ ಹುಲ್ಲಿನ ಹಾಗೆ ನೆಟ್ಟಗೆ ನಿಂತಿತ್ತು. ಎಣ್ಣೆ ಒತ್ತಿದರೆ ಅರ್ಧ ಗಂಟೆ ಮಲಗುತ್ತಿತ್ತು, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಎದ್ದು ನಿಲ್ಲುತ್ತಿತ್ತು. ಮೊದಲನೇ ದಿನವೇ ತರಬೇತಿಯ ಗುರುಗಳು ನನ್ನನ್ನು ಎಬ್ಬಿಸಿ, "ನಾಳಿಂದ ತಲಿ ಹಿಕ್ಕೊಂಡು ಬಾರವ್ವಾ," ಎಂದರು. ಹಿಕ್ಕೊಂಡೇ ಬಂದೀನ್ರಿ ಎಂದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ಅವು ಮಲಗಲು ಇನ್ನೂ ಒಂದು ವರ್ಷ ಹಿಡಿಯಿತು.